ತಿಂಗಳಿಗೊಮ್ಮೆ ಸಾಯುತ್ತಿದ್ದವಳು

ಹಲ್ಲಿನ ಡಾಕ್ಟರು ನನ್ನನ್ನು ಕರೆಸಿದ್ದು ಹಲ್ಲು ನೋಡಲಿಕ್ಕಲ್ಲ. ಅವರು ಇಕ್ಕಳ ಕೆಳಗಿಟ್ಟು ಎಷ್ಟೋ ಕಾಲವಾಗಿದೆ. ಈಗ ಅವರಿಗಿರುವುದು ಹಳೆಯ ಕಥೆಪತ್ರಿಕೆಗಳ ಹುಚ್ಚು. ಊರಿನ ರದ್ದಿ ಅಂಗಡಿಗಳಲ್ಲಿ ಇಲಿ ಬಿಟ್ಟಿದ್ದನ್ನೆಲ್ಲ ಹೆಕ್ಕಿ ತಂದು ತಮ್ಮ ಹಳೆಯ ಕ್ಲಿನಿಕ್ಕಿನಲ್ಲಿ ತುಂಬಿಸಿಕೊಂಡಿದ್ದಾರೆ. ಅವುಗಳ ಮುಖಪುಟಗಳದ್ದೊಂದು ಪ್ರದರ್ಶನ ಮಾಡಬೇಕು, ಹೆಚ್ಚಿನವು ನಿಮ್ಮ ತಂದೆ ಬರೆದವು, ಒಮ್ಮೆ ಬಂದು ನೋಡಿ ಎಂದು ಮೂರು ಸಲ ಹೇಳಿ ಕಳಿಸಿದ್ದರು.

ನನಗೆ ಮನಸ್ಸಿರಲಿಲ್ಲ. ಅಪ್ಪ ಆ ಪತ್ರಿಕೆಗಳಿಗೆ ಚಿತ್ರ ಬರೆದೇ ನನ್ನ ಹೊಟ್ಟೆ ತುಂಬಿಸಿದ್ದು ನಿಜ. ಆದರೆ ಶಾಲೆಯಲ್ಲಿ ನನ್ನನ್ನು ‘ಹೆಣದ ಚಿತ್ರದವನ ಮಗಳು’ ಎಂದು ಆಡಿಕೊಳ್ಳುತ್ತಿದ್ದರು. ರೈಲು ನಿಲ್ದಾಣದ ಅಂಗಡಿಯಲ್ಲಿ ಕ್ಲಿಪ್ಪು ಹಾಕಿ ನೇತುಬಿಟ್ಟಿರುತ್ತಿದ್ದ ಆ ಚಾಕು, ಆ ರಕ್ತ, ಬಾಯಿ ತೆರೆದು ಕೂಗುವ ಹೆಂಗಸು ಕಂಡರೆ ನಾನು ತಲೆ ತಗ್ಗಿಸಿಕೊಂಡು ಓಡುತ್ತಿದ್ದೆ. ಮನೆಯಲ್ಲಂತೂ ಅತ್ತೆ, ಅಂದರೆ ಅಪ್ಪನ ತಂಗಿ, ಅವುಗಳ ಒಂದು ಹಾಳೆಯನ್ನೂ ಹೊಸಿಲು ದಾಟಿ ಒಳಗೆ ಬರಲು ಬಿಡುತ್ತಿರಲಿಲ್ಲ. ಬರೆದ ಚಿತ್ರವನ್ನು ಅಪ್ಪ ಬಟ್ಟೆಯಲ್ಲಿ ಸುತ್ತಿ ಹಿಂದಿನ ಮೆಟ್ಟಿಲಿನಿಂದಲೇ ಅಚ್ಚುಕೂಟಕ್ಕೆ ಒಯ್ಯುತ್ತಿದ್ದ. ಅಪ್ಪ ಹೋಗಿ ವರ್ಷವಾಯಿತು. ಈಗ ಹೋಗಿ ನೋಡಿದರೆ ಯಾರ ಗಂಟೇನು ಹೋಗುತ್ತದೆ ಎಂದುಕೊಂಡು ಹೊಲಿಗೆ ಅಂಗಡಿಯ ಬಾಗಿಲನ್ನು ಅತ್ತೆಗೆ ಒಪ್ಪಿಸಿ ಹೊರಟೆ. ಎಲ್ಲಿಗೆಂದು ಅವಳಿಗೆ ಹೇಳಲಿಲ್ಲ.

ಕ್ಲಿನಿಕ್ಕಿನಲ್ಲಿ ಹಲ್ಲು ಕೀಳುವ ಕುರ್ಚಿ ಇನ್ನೂ ಹಾಗೆಯೇ ಇತ್ತು, ಅದರ ತಲೆಯ ಮೇಲಿನ ದೊಡ್ಡ ದೀಪವೂ ಇತ್ತು. ಇಕ್ಕಳ, ಸೂಜಿಗಳಿದ್ದ ಗಾಜಿನ ಕಪಾಟುಗಳಲ್ಲಿ ಪತ್ರಿಕೆಗಳು ಸಾಲಾಗಿ ನಿಂತಿದ್ದವು. ಡಾಕ್ಟರು ಒಂದನ್ನು ಚಿಮಟದಲ್ಲಿ ಹಿಡಿದು, ಹುಳುಕುಹಲ್ಲು ಮುಟ್ಟುವ ಹಾಗೆ ಮೆಲ್ಲಗೆ ಮೇಜಿನ ಮೇಲಿಟ್ಟರು.

“ಕೈಯಲ್ಲಿ ಮುಟ್ಟಿದ್ರೆ ಪುಡಿ ಆಗುತ್ತೆ” ಎಂದರು. “ಅಗ್ಗದ ಕಾಗದ. ಓದಿ ಬಿಸಾಕಲಿ ಅಂತ್ಲೇ ಮಾಡಿದ್ದು. ರೈಲಲ್ಲಿ ಓದ್ತಾ ಹೋಗಿ, ಇಳಿಯುವಾಗ ಸೀಟಲ್ಲೇ ಬಿಟ್ಟು ಹೋಗ್ತಿದ್ರು. ಅದಕ್ಕೇ ಈಗ ಸಿಗಲ್ಲ.”

ಮಾತಿಗೆ ಕೂತರೆ ಡಾಕ್ಟರು ಏಳುವವರಲ್ಲ. ಒಂದೇ ಕಂಪನಿ, ಒಂದೇ ಅಚ್ಚುಕೂಟ, ಅದರಿಂದ ತಿಂಗಳು ತಿಂಗಳು ಹೊರಬೀಳುತ್ತಿದ್ದ ಪತ್ರಿಕೆಗಳೋ ಬಗೆಬಗೆ. ಪತ್ತೇದಾರಿಗೆ ‘ಮುಸುಕು’, ಪ್ರೇಮಕ್ಕೆ ‘ನಸುನಗು’, ದೆವ್ವಕ್ಕೆ ‘ನಟ್ಟಿರುಳು’. ಸಮುದ್ರದ ಸಾಹಸಕ್ಕೊಂದು, ಬೇರೆ ಗ್ರಹದ ಪ್ರಾಣಿಗಳಿಗೊಂದು. ಎಲ್ಲಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದದ್ದು ‘ನಡೆದದ್ದು ನಡೆದಂತೆ’. ಅದರಲ್ಲಿ ಹೆಂಗಸರು ತಮ್ಮ ತಮ್ಮ ಪಾಪಗಳನ್ನು ತಾವೇ ಬರೆದು ಕಳಿಸುತ್ತಾರೆ ಎಂದು ಜನ ನಂಬಿದ್ದರು.

“ತಾವೇ ಬರೀತಾ ಇದ್ರಾ?” ಎಂದೆ.

“ಎಲ್ಲಿಯ ಮಾತು! ನಶ್ಯ ಏರಿಸ್ತಿದ್ದ ಒಬ್ಬ ದಡೂತಿ ಗಂಡಸು ಬರೀತಿದ್ದ. ಅವನೇ ‘ಒಬ್ಬ ನೊಂದ ಪತ್ನಿ’, ಅವನೇ ‘ಅಭಾಗಿನಿ’. ಪ್ರೇಮಪತ್ರಿಕೆಗೆ ಬಂದ್ರೆ ಅವನೇ ‘ಕುಮಾರಿ’. ಇಡೀ ಕಂಪನಿಗೆ ಬರೆಯೋರು ಬೆರಳೆಣಿಕೆ ಮಂದಿ, ಹೆಸರು ಮಾತ್ರ ಒಂದು ಸಂತೆಗಾಗುವಷ್ಟು.” ಡಾಕ್ಟರು ಹೊಟ್ಟೆ ಹಿಡಿದು ನಕ್ಕರು. “ಇನ್ನೊಂದು ತಮಾಷೆ ಕೇಳಿ. ಅಲ್ಲಿ ಕಥೆಗೆ ಚಿತ್ರ ಬರೀತಿರಲಿಲ್ಲ, ಚಿತ್ರಕ್ಕೆ ಕಥೆ ಬರೀತಿದ್ರು. ಬಣ್ಣದ ಅಚ್ಚಿಗೆ ಹೊತ್ತು ಹಿಡಿಯುತ್ತಲ್ಲ, ಅದಕ್ಕೇ ನಿಮ್ಮ ತಂದೆ ಮೊದಲೇ ರಾಶಿ ಚಿತ್ರ ಬರೆದು ಕೊಟ್ಟುಬಿಡೋರು. ಅದನ್ನ ಗೋಡೆಗೆ ಹೊಡೆದು ‘ಯಾರಿಗೆ ಯಾವುದು ಬೇಕೋ ತಗೊಳ್ರಪ್ಪ’ ಅಂದ್ರೆ ಆಯ್ತು. ಒಂದು ಹೆಂಗಸು, ಒಂದು ಹಗ್ಗ, ಒಂದು ನಾಯಿ. ಅಷ್ಟಕ್ಕೇ ಕಥೆ ಹೊಸೀತಿದ್ರು.”

ಇದು ನನಗೂ ಗೊತ್ತಿರದ ಸಂಗತಿ. ನಾಯಿಗಾಗಿ ಕಥೆ ಹೊಸೆಯುವ ದಡೂತಿಯನ್ನು ನೆನೆದು ನನಗೂ ನಗು ತಡೆಯಲಾಗಲಿಲ್ಲ. ಹಲ್ಲು ಕಾಣುವಂತೆ ನಕ್ಕೆ. ಡಾಕ್ಟರು ನಗುವುದನ್ನು ನಿಲ್ಲಿಸಿಬಿಟ್ಟರು. ನನ್ನ ಬಾಯನ್ನೇ ನೋಡುತ್ತಾ, “ಸ್ವಲ್ಪ ಇನ್ನೂ ಅಗಲ ಮಾಡಿ” ಎಂದರು, ಹಳೆಯ ಅಭ್ಯಾಸದಲ್ಲಿ.

ನನ್ನ ಮೇಲಿನ ಎಡಗಡೆ ಕೋರೆಹಲ್ಲಿನ ಮೇಲೆ ಇನ್ನೊಂದು ಹಲ್ಲು ಹತ್ತಿ ಕೂತಿದೆ. ಚಿಕ್ಕಂದಿನಿಂದ ಅದಕ್ಕೆ ನಾಚಿಕೊಂಡು ತುಟಿ ಮುಚ್ಚಿ ನಗುವುದನ್ನು ಕಲಿತವಳು ನಾನು. ಈ ಡಾಕ್ಟರ ಮುಂದೆ ಮಾತ್ರ ಮರೆತುಹೋಯಿತು.

“ಹಾಗಾದ್ರೆ ಮುಖಪುಟದಲ್ಲಿರೋಳು ನಿಮ್ಮ ತಾಯೀನೇ!” ಎಂದು ಡಾಕ್ಟರು ಕೈ ತಟ್ಟಿದರು. “ನಾನು ಅಂದ್ಕೊಂಡಿದ್ದೆ. ಮಾಡೆಲನ್ನೇ ಮದುವೆ ಆದ್ರು ಅಂತ ಅಚ್ಚುಕೂಟದವರು ಹೇಳ್ತಾನೇ ಇದ್ರು. ಬನ್ನಿ ಬನ್ನಿ, ತೋರಿಸ್ತೀನಿ.”

ಇಲ್ಲೊಂದು ಮಾತು ಹೇಳಬೇಕು. ನಾನಿನ್ನೂ ತೊದಲುತ್ತಿದ್ದಾಗಲೇ ಅಮ್ಮ ಜ್ವರ ಬಂದು ಸತ್ತಳಂತೆ. ಅವಳದ್ದೊಂದು ಫೋಟೋ ಇಲ್ಲ. ಅಪ್ಪನನ್ನು ಕೇಳಿದರೆ ಎದ್ದು ಹೋಗುತ್ತಿದ್ದ, ಅತ್ತೆಯನ್ನು ಕೇಳಿದರೆ “ನಿನ್ನ ಹಾಗೇ ಇದ್ದಳು, ಹೋಗು” ಎನ್ನುತ್ತಿದ್ದಳು. ಬದುಕಿನಲ್ಲಿ ನನಗೂ ನೂರೆಂಟು ಆಸೆಗಳಿದ್ದವು. ಅವೆಲ್ಲ ಬಂದ ದಾರಿಯಲ್ಲೇ ಹೋದವು. ಅಮ್ಮನ ಮುಖ ಒಮ್ಮೆ ನೋಡಬೇಕು ಎಂಬುದೊಂದು ಮಾತ್ರ ಐವತ್ತು ದಾಟಿದ ಮೇಲೂ ಬಿಟ್ಟು ಹೋಗಿರಲಿಲ್ಲ.

ಡಾಕ್ಟರು ಮೇಲಿನ ದೀಪ ಹಾಕಿದರು. ಉದ್ದನೆಯ ಮೇಜಿನ ತುಂಬ ಮುಖಪುಟಗಳು. ಎಲ್ಲದರಲ್ಲೂ ಒಬ್ಬಳೇ ಹೆಂಗಸು.

ಮೊದಲನೆಯದು ‘ನಸುನಗು’. ಎಳೆಯ ಹುಡುಗಿ ಕಿಟಕಿಗೆ ಒರಗಿ ನಗುತ್ತಿದ್ದಳು, ಕೋರೆಹಲ್ಲಿನ ಮೇಲೆ ಹಲ್ಲು. ಅಷ್ಟು ನೋಡಿ ನಾನು ಮನೆಗೆ ಬಂದುಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ಪಕ್ಕದಲ್ಲಿ ಅವಳ ಕುತ್ತಿಗೆಗೆ ಹಗ್ಗ ಬಿದ್ದಿತ್ತು. ಅದರ ಪಕ್ಕದಲ್ಲಿ ನೀರಿನಿಂದ ಅವಳ ಕೈ ಮತ್ತು ಮುಖ ಮೇಲೆದ್ದಿದ್ದವು. ಮುಂದಿನದರಲ್ಲಿ ಚಾಕು, ಅದರ ಮುಂದಿನದರಲ್ಲಿ ಕೊಡಲಿ, ಆಮೇಲೆ ಎಂಟು ಕಾಲಿನ ಯಾವುದೋ ಗ್ರಹದ ಪ್ರಾಣಿ. ನನ್ನ ಅಮ್ಮ ಎಲ್ಲದರಲ್ಲೂ ಬಾಯಿ ತೆರೆದು ಕಿರುಚುತ್ತಿದ್ದಳು. ಐವತ್ತು ವರ್ಷ ಕಾದು ನೋಡಿದ ಮುಖ ಇದು.

“ಪತ್ರಿಕೆ ಕೂಡಿಡೋ ನಾವೆಲ್ಲ ಇವಳಿಗೆ ‘ಸಾಯದ ಸುಂದರಿ’ ಅಂತ ಹೆಸರಿಟ್ಟಿದೀವಿ” ಎನ್ನುತ್ತಿದ್ದರು ಡಾಕ್ಟರು. “ಪ್ರತಿ ತಿಂಗಳೂ ಸಾಯ್ತಾಳೆ, ಮುಂದಿನ ತಿಂಗಳು ಮತ್ತೆ ಹಾಜರ್. ಮುಖ ಖರ್ಚಾಗ್ತಿತ್ತು ನೋಡಿ, ಕಂಪನಿ ಬಿಡಲಿಲ್ಲ. ಚಿಕ್ಕವಳಿದ್ದಾಗ ಪ್ರೇಮಪತ್ರಿಕೆಗೆ, ಆಮೇಲೆ ಕೊಲೆಗೆ. ವಯಸ್ಸಾದ ಮೇಲೆ ದೆವ್ವಕ್ಕೆ. ಇಷ್ಟು ವರ್ಷ ಅಲುಗಾಡದೆ ಕೂತಿದ್ದಾರಲ್ಲ, ನಿಮ್ಮ ತಾಯಿ ತಾಳ್ಮೆ ದೊಡ್ಡದು.”

“ವಯಸ್ಸಾದ ಮೇಲೆ?” ಎಂದೆ. “ಡಾಕ್ಟ್ರೇ, ನಮ್ಮಮ್ಮ ನಾನು ಮೂರು ವರ್ಷದವಳಿದ್ದಾಗಲೇ ಸತ್ತಳು.”

ಡಾಕ್ಟರ ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು. ಅವರು ಮೇಜಿನ ಆ ತುದಿಯನ್ನು ನೋಡಿದರು. ನಾನೂ ನೋಡಿದೆ. ಅಲ್ಲಿ ‘ನಟ್ಟಿರುಳು’ ಪತ್ರಿಕೆಯ ಕೊನೆಯ ಸಂಚಿಕೆಗಳಿದ್ದವು. ಮುದುಕಿಯೊಬ್ಬಳು ಮೇಣದಬತ್ತಿ ಹಿಡಿದು ಮೆಟ್ಟಿಲಿಳಿಯುತ್ತಿದ್ದಳು. ಬೆಳಿಗ್ಗೆ ಬೆಳಿಗ್ಗೆ ನನ್ನ ಕನ್ನಡಿಯಲ್ಲಿ ಕಾಣುವ ಮುಖವೇ ಅದು. ಕೋರೆಹಲ್ಲಿನ ಮೇಲಿನ ಹಲ್ಲು ಮಾತ್ರ ಅಲ್ಲಿರಲಿಲ್ಲ. ಅದಿದ್ದ ಜಾಗ ಖಾಲಿ.

“ನೆನಪಿನಿಂದ ಬರೆದಿರಬಹುದು” ಎಂದರು ಡಾಕ್ಟರು ಮೆಲ್ಲಗೆ. ಆದರೆ ಅವರ ಕಣ್ಣೂ ಆ ಖಾಲಿ ಜಾಗದ ಮೇಲೇ ಇತ್ತು. ಸತ್ತ ಹೆಂಡತಿಯನ್ನು ನೆನಪಿನಿಂದ ಬರೆಯುವವನು ಅವಳ ಹಲ್ಲು ಬೀಳಿಸುತ್ತಾನೆಯೇ?

ಮೇಲಾಗಿ ಅಪ್ಪನಿಗೆ ನೆನಪಿನಿಂದ ಒಂದು ಲೋಟ ಬರೆಯಲಿಕ್ಕೂ ಬರುತ್ತಿರಲಿಲ್ಲ. ಕಣ್ಣ ಮುಂದೆ ಇಟ್ಟುಕೊಂಡರೆ ಮಾತ್ರ ಕೈ ಓಡುತ್ತಿತ್ತು. ಹೆಣದ ಪಾದ ಬೇಕೆಂದರೆ ಅತ್ತೆಯ ಪಾದ, ಬೇರೆ ಗ್ರಹದ ಪ್ರಾಣಿ ಬೇಕೆಂದರೆ ಒದ್ದೆ ಗೋಣಿಚೀಲ ನೇತುಹಾಕಿಕೊಳ್ಳುತ್ತಿದ್ದ.

ಆಮೇಲೆ ಕಂಡದ್ದು ಮುದುಕಿ ತೊಟ್ಟಿದ್ದ ಜಾಕೆಟ್ಟು. ನೀಲಿ ಉಣ್ಣೆ ಬಟ್ಟೆಯದು. ಅದರ ಎಡ ಕಾಲರು ಅಗಲ, ಬಲ ಕಾಲರು ಸಣ್ಣ. ಗುಂಡಿಮನೆಗಳು ಗಂಡಸರ ಅಂಗಿಯಂತೆ ಎಡಗಡೆಗಿದ್ದವು. ಹೊಲಿಗೆ ಕಲಿಯಲು ಹೋದ ಹೊಸದರಲ್ಲಿ ನಾನು ಅಪ್ಪನ ಅಂಗಿಯನ್ನು ಮುಂದಿಟ್ಟುಕೊಂಡು ಹೆಂಗಸರ ಜಾಕೆಟ್ಟು ಹೊಲಿದಿದ್ದೆ. ಎರಡು ಕಾಲರನ್ನೂ ಒಟ್ಟಿಗೆ ಕತ್ತರಿಸದೆ ಒಂದೊಂದಾಗಿ ಕತ್ತರಿಸಿದ್ದೆ. ಕಲಿಸುವಾಕೆ ಅದನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿ ನನ್ನ ಮಾನ ಹರಾಜು ಹಾಕಿದ್ದಳು. ಅಳುತ್ತಾ ಮನೆಗೆ ಬಂದು ಒಲೆಗೆ ಹಾಕಲು ಹೊರಟಾಗ ಅಪ್ಪ ಕೈಯಿಂದ ಕಸಿದುಕೊಂಡ. “ಮೇಲಿನ ಕೋಣೇಲಿ ಚಳಿ. ಮಾಡೆಲ್‌ಗೆ ಹೊದೆಯೋಕೆ ಆಗುತ್ತೆ, ಕೊಡು” ಎಂದ.

ನನಗೆ ಕಣ್ಣು ಕತ್ತಲೆ ಬಂತು. ಡಾಕ್ಟರು ತೋಳು ಹಿಡಿದು ನನ್ನನ್ನು ಹಲ್ಲು ಕೀಳುವ ಕುರ್ಚಿಯಲ್ಲಿ ಕೂರಿಸಿ ನೀರು ಕೊಟ್ಟರು.

ಮೇಲಿನ ಕೋಣೆ ನನಗೆ ಗೊತ್ತು. ಗೊತ್ತು ಎಂದರೆ ಅದರ ಬಾಗಿಲು ಗೊತ್ತು. ಹಿಂದಿನ ಮೆಟ್ಟಿಲು ಹತ್ತಿ ಮಾಡೆಲ್ ಬಂದ ದಿನ ಆ ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು. “ಬಣ್ಣ ಬಳಕೊಂಡು ಹೆಣದ ಹಾಗೆ ಬಿದ್ದಿರ್ತಾರೆ, ನೋಡಿದ್ರೆ ಜ್ವರ ಬರುತ್ತೆ” ಎಂದು ಅತ್ತೆ ಹೆದರಿಸಿದ್ದಳು. ಶಾಲೆಯಿಂದ ಬಂದವಳು ನಾನೇ ಚಹಾ ಮಾಡಿ, ಎರಡು ಲೋಟ ಒಯ್ದು, ಬಾಗಿಲು ಬಡಿಯುತ್ತಿದ್ದೆ. ಒಳಗಿನಿಂದ ಹೆಂಗಸಿನ ದನಿ ಬರುತ್ತಿತ್ತು. “ಅಲ್ಲೇ ಇಟ್ಟು ಹೋಗು ಮಗು.” ನಾನು ಇಟ್ಟು ಇಳಿದು ಬರುತ್ತಿದ್ದೆ. ಎಷ್ಟು ವರ್ಷ ಹಾಗೆ ಒಯ್ದೆನೋ ಲೆಕ್ಕವಿಲ್ಲ. ಮಾಡೆಲ್‌ಗಳು ಬದಲಾಗುತ್ತಾರೆ, ದನಿ ಮಾತ್ರ ಯಾಕೆ ಒಂದೇ ಎಂದು ನನಗೆ ಒಂದು ಸಲವೂ ಅನ್ನಿಸಿರಲಿಲ್ಲ.

ಆ ಕೊನೆಯ ಸಂಚಿಕೆಯನ್ನು ಡಾಕ್ಟರು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಕೈಯಲ್ಲಿ ಮುಟ್ಟಬೇಡಿ ಎನ್ನಲೂ ಇಲ್ಲ. ಆ ಮನುಷ್ಯ ತನ್ನ ಪತ್ರಿಕೆ ಹೊರಗೆ ಕೊಟ್ಟದ್ದು ಅದೇ ಮೊದಲಿರಬೇಕು.

ನಾನು ಬಂದಾಗ ಅತ್ತೆ ಅಂಗಡಿಯ ಮೆಟ್ಟಿಲ ಮೇಲೆ ಕೂತು, ಬಿಸಿಲಿಗೆ ಮೈಯೊಡ್ಡಿಕೊಂಡು, ಹಳೆ ಪ್ಯಾಂಟೊಂದರ ಹೊಲಿಗೆ ಬಿಚ್ಚುತ್ತಿದ್ದಳು. ಈ ವಯಸ್ಸಿನಲ್ಲೂ ಅವಳಿಗೆ ಕನ್ನಡಕ ಬೇಡ, ಬಾಯಿಗೆ ಬಿಡುವೂ ಬೇಡ. “ಎಲ್ಲಿ ಹಾಳಾಗಿ ಹೋಗಿದ್ದೆ? ಗಿರಾಕಿ ಬಂದು ನಿನ್ನನ್ನ ಬೈದು ಹೋದ್ರು, ನಾನೂ ಒಂದಿಷ್ಟು ಸೇರಿಸಿದೆ” ಎಂದಳು. ನಾನು ಪತ್ರಿಕೆಯನ್ನು ಅವಳ ಮಡಿಲಲ್ಲಿಟ್ಟೆ.

ಅತ್ತೆಯ ಕೈ ನಿಂತುಬಿಟ್ಟಿತು. ಚೀಲದ ಮೇಲಿಂದಲೇ ಆ ಕಾಲರಿನ ಮೇಲೆ ಬೆರಳಾಡಿಸಿದಳು.

“ಈ ಜಾಕೆಟ್ಟು ಅವಳಿಗೆ ಒಂಚೂರೂ ಒಪ್ಪುತ್ತಿರಲಿಲ್ಲ” ಎಂದಳು. “ಹೇಳಿದ್ರೆ ಕೇಳ್ತಿರಲಿಲ್ಲ.”

ಅಯ್ಯೋ ಇಲ್ಲ, ಅದು ಬೇರೆ ಯಾರೋ ಎಂದು ಅವಳು ಹೇಳುತ್ತಾಳೆ, ನಾನು ನಂಬದಿದ್ದರೂ ನಂಬಿದಂತೆ ಮಾಡುತ್ತೇನೆ ಎಂದು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದೆ. “ಅತ್ತೆ, ನೀನು ಮನುಷ್ಯಳಾ?” ಎಂದು ಕಿರುಚಿದೆ. ಎದುರಿನ ಚಪ್ಪಲಿ ರಿಪೇರಿಯವನು ಕತ್ತೆತ್ತಿ ನೋಡಿದ. ನೋಡಲಿ. “ಯಾಕೆ ಸಾಯಿಸಿದ್ರಿ ಅವಳನ್ನ? ಏನು ಮಾಡಿದ್ದಳು ಅವಳು?”

“ಏನೂ ಮಾಡಿರಲಿಲ್ಲ” ಎಂದಳು ಅತ್ತೆ. “ಅದೇ ಕಣೇ ಸಂಕಟ.”

ಆಮೇಲೆ ಅವಳು ಹೇಳಿದ್ದನ್ನು ಕೇಳುತ್ತಾ ಕೇಳುತ್ತಾ ನಾನು ಮೆಟ್ಟಿಲ ಮೇಲೆ ಕೂತೆ. ಅಪ್ಪ ಒಮ್ಮೆ ಒಂದು ಚಿತ್ರ ಬರೆದನಂತೆ, ಹಾಸಿಗೆಯ ಬಟ್ಟೆ ಸುತ್ತಿಕೊಂಡು ಬಾಗಿಲ ಸಂದಿಯಿಂದ ಹೆದರಿ ಇಣುಕುವ ಹೆಂಗಸು. ಕೂತದ್ದು ಅಮ್ಮ. ಅದು ‘ಮುಸುಕು’ ಪತ್ರಿಕೆಗೆ ಹೋಗುತ್ತದೆ, ಹೊರಗೆ ಕೊಲೆಗಾರ ನಿಂತಿರುತ್ತಾನೆ ಎಂದುಕೊಂಡೇ ಬರೆದದ್ದು. ಅಚ್ಚುಕೂಟದ ಗೋಡೆಯಿಂದ ಅದನ್ನು ಎತ್ತಿಕೊಂಡವನು ನಶ್ಯದ ದಡೂತಿ. ‘ನಡೆದದ್ದು ನಡೆದಂತೆ’ ಪತ್ರಿಕೆಗೆ ಅವನು ಅದರ ಮೇಲೊಂದು ಕಥೆ ಬರೆದ. ಚಿತ್ರಕಾರನ ಹೆಂಡತಿಯೊಬ್ಬಳು ಗಂಡ ಮನೆಯಲ್ಲಿಲ್ಲದಾಗ ಯಾರನ್ನೋ ಸೇರಿಸಿಕೊಂಡು, ಸಿಕ್ಕಿಬಿದ್ದು, ತನ್ನ ಪಾಪ ತಾನೇ ಹೇಳಿಕೊಳ್ಳುವ ಕಥೆ. ಮೇಲೆ ದಪ್ಪಕ್ಷರದಲ್ಲಿ ‘ಇದು ನನ್ನದೇ ಬದುಕು’. ಅದರ ಕೆಳಗೆ ಅಮ್ಮನ ಮುಖ.

“ನನ್ನ ಮದುವೆ ಗೊತ್ತಾಗಿತ್ತು ಆಗ” ಎಂದಳು ಅತ್ತೆ. “ಗಂಡಿನ ಕಡೆಯವರು ಆ ಪತ್ರಿಕೆ ತಂದು ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಎದ್ದು ಹೋದ್ರು. ಬೀದಿಯವರೆಲ್ಲ ಓದಿದ್ರು. ನಾನೂ ನಂಬಿದೆ.”

“ಅಪ್ಪ? ಅಪ್ಪನಿಗೆ ಗೊತ್ತಿತ್ತಲ್ಲ ಅಲ್ಲಿ ಕಥೆ ಹೇಗೆ ಹುಟ್ಟುತ್ತೆ ಅಂತ! ಚಿತ್ರ ಬರೆದವನೇ ಅವನು!”

“ಅವನೂ ನಂಬಿಬಿಟ್ಟ.”

ಈ ಮಾತೊಂದನ್ನು ನಾನು ಇವತ್ತಿಗೂ ಅರಗಿಸಿಕೊಂಡಿಲ್ಲ. ಬಣ್ಣ ಕಲಸಿದವನು ಅವನು, ಹೆದರಿದ ಹಾಗೆ ನೋಡು ಎಂದು ಹೇಳಿಕೊಟ್ಟವನು ಅವನು. ಅಚ್ಚಾಗಿ ಬಂದ ಕೂಡಲೇ ಊರಿನ ಯಾವನೋ ದಾರಿಹೋಕನ ಹಾಗೆ ನಂಬಿದ.

“ಎರಡು ದಿನ ಅನ್ನ ಮುಟ್ಟಲಿಲ್ಲ” ಎಂದಳು ಅತ್ತೆ. “ಮೂರನೇ ದಿನ ಹೊರಗೆ ಹೋಗು ಅಂದ. ಅವಳು ಹೋದಳು. ತವರಿನವರೂ ಬಾಗಿಲು ಹಾಕಿದ್ರು. ನೀನು ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತ ಪ್ರಾಣ ಹಿಂಡ್ತಿದ್ದೆ. ತಡೀಲಾರದೆ ಸತ್ತಳು ಅಂದುಬಿಟ್ಟೆ. ನೀನು ಬಾಗಿಲಲ್ಲಿ ನಿಂತು ಹೋಗೋ ಬರೋರಿಗೆಲ್ಲ ‘ನಮ್ಮಮ್ಮ ಸತ್ತೋದ್ಲು’ ಅಂತ ಸಾರಿದೆ. ಸಂಜೆಗೆ ಮನೆ ತುಂಬ ಜನ, ಸಮಾಧಾನ ಹೇಳೋಕೆ. ಏನು ಮಾಡ್ಲಿ? ನಾನೂ ಅತ್ತೆ. ನಿಮ್ಮಪ್ಪನೂ ಅತ್ತ.”

ಆ ದಡೂತಿ ಒಂದು ದಿನ ಅಚ್ಚುಕೂಟದಲ್ಲಿ ಅಪ್ಪನ ಬೆನ್ನು ತಟ್ಟಿ, “ನಿನ್ನ ಹೆಂಡತಿ ಮುಖ ನೋಡ್ತಾ ಒಂದೇ ಏಟಿಗೆ ಬರೆದೆ ಕಣಯ್ಯಾ, ಏನು ಓಡ್ತು!” ಎಂದು ಹಲ್ಲು ಕಿರಿದಾಗ ಅಪ್ಪನಿಗೆ ನಿಜ ತಿಳಿದದ್ದು. ಮನೆಗೆ ಬಂದು ಗೋಡೆಗೆ ತಲೆ ಚಚ್ಚಿಕೊಂಡನಂತೆ. ಹುಡುಕಿಕೊಂಡು ಹೋದ. ಕರೆದುಕೊಂಡೂ ಬಂದ. ಆದರೆ ಹಿಂದಿನ ಮೆಟ್ಟಿಲಿನಿಂದ.

“ಊರೆಲ್ಲ ಸೇರಿ ಅತ್ತ ಮೇಲೆ ಅವಳನ್ನ ಮುಂಬಾಗಿಲಿಂದ ಹೇಗೆ ಕರೆಯೋದು ಹೇಳು? ಮಗು ಸ್ಕೂಲಿಗೆ ಸೇರಲಿ, ಆಮೇಲೆ ಹೇಳೋಣ ಅಂದ್ವಿ. ದೊಡ್ಡೋಳಾಗಲಿ ಅಂದ್ವಿ. ಹಾಗೇ ಹೋಯ್ತು. ಅವಳು ಬೇರೆ ಏನೂ ಕೇಳಲಿಲ್ಲ. ಚಹಾ ಮಾತ್ರ ನೀನೇ ತರಬೇಕು ಅಂದಳು.”

ಅತ್ತೆ ಅಳುತ್ತಿದ್ದಳು. ಮದುವೆ ಮುರಿದು, ಇನ್ನೊಬ್ಬಳ ಮಗುವನ್ನು ಸಾಕಿ ಮುದುಕಿಯಾದವಳು. ಅವಳ ಮೇಲೆ ಕನಿಕರ ಬರಬೇಕಿತ್ತು, ಬಂದೀತು ಎಂದಾದರೂ. ಆಗ ಬರಲಿಲ್ಲ. ಒಂದೇ ಒಂದು ಪ್ರಶ್ನೆ ಉಳಿದಿತ್ತು, ಕೇಳಲು ಭಯ.

“ಯಾವಾಗ ಹೋದಳು ಅವಳು?” ಎಂದೆ.

“ಎಲ್ಲಿಗೆ?” ಎಂದಳು ಅತ್ತೆ.

“ಅತ್ತೆ!”

“ಆಗಿಂದ್ಲೂ ಅಲ್ಲೇ ಇದಾಳೆ, ಅಚ್ಚುಕೂಟದ ಹಿಂದಿನ ಸಾಲುಮನೇಲಿ. ಕೊನೇದು. ಗುಂಡಿ ಅಂಗಡಿ ಎದುರಿಗೆ.” ಅತ್ತೆ ಮೂಗು ಒರೆಸಿಕೊಂಡಳು. “ಮಂಡಿ ಬಿದ್ದುಹೋಗಿದೆ ಅಂತ ಕೇಳಿದೀನಿ. ನಿಮ್ಮಪ್ಪ ಹೋದಮೇಲೆ ಹೇಳೋಣ ಹೇಳೋಣ ಅಂತ ದಿನಾ ಬಾಯಿಗೆ ಬರ್ತಿತ್ತು ಕಣೇ…”

ಗುಂಡಿ ಅಂಗಡಿ! ವಾರ ತಪ್ಪದೆ ನಾನು ಗುಂಡಿ, ದಾರ, ಕೊಕ್ಕೆ ತರಲು ಹೋಗುವ ಅಂಗಡಿ. ಅದರ ಎದುರಿಗೆ ನಿಂತು ಎಷ್ಟು ಸಲ ಚೌಕಾಸಿ ಮಾಡಿದ್ದೇನೆ, ಆ ಅಂಗಡಿಯವನ ಜೊತೆ ಎಷ್ಟು ಸಲ ಗಂಟಲು ಹರಿಯುವಂತೆ ಜಗಳವಾಡಿದ್ದೇನೆ. ನನ್ನ ದನಿ ಎಂಥದೆಂದು ಬೀದಿಗೆಲ್ಲ ಗೊತ್ತು. ಅವಳು ಎಲ್ಲವನ್ನೂ ಕೇಳುತ್ತಾ ಕೂತಿದ್ದಳು.

ನಾನು ಎದ್ದೆ. ಚಪ್ಪಲಿ ಮೆಟ್ಟಿದೆನೋ ಇಲ್ಲವೋ ನೆನಪಿಲ್ಲ. ಅತ್ತೆ ಹಿಂದಿನಿಂದ ಏನೋ ಕೂಗಿದಳು. ನಡೆಯಬೇಕೆಂದು ಹೊರಟವಳು ಅಚ್ಚುಕೂಟದ ಮೂಲೆ ಬರುವಷ್ಟರಲ್ಲಿ ಓಡುತ್ತಿದ್ದೆ. ಈ ವಯಸ್ಸಿನ ಹೆಂಗಸು ಏದುಸಿರು ಬಿಡುತ್ತಾ ಓಡುವುದನ್ನು ನೋಡಿ ಗುಂಡಿ ಅಂಗಡಿಯವನು, “ಏನಾಯ್ತಮ್ಮಾ?” ಎಂದು ಹೊರಗೆ ಬಂದ. ಅವನಿಗೆ ಉತ್ತರ ಕೊಡಲಿಲ್ಲ.

ಸಾಲುಮನೆಯ ಕೊನೆಯ ಬಾಗಿಲು. ಬಣ್ಣ ಹೋಗಿದೆ, ಕೆಳಗಿನ ಹಲಗೆ ನೀರು ಕುಡಿದು ಉಬ್ಬಿದೆ. ಪಕ್ಕದಲ್ಲಿ ತೊಳೆದಿಟ್ಟ ಊಟದ ಡಬ್ಬಿ, ಡಬ್ಬಿಯವಳು ಬಂದು ಒಯ್ಯಲಿ ಎಂದು. ಕಿಟಕಿಯ ಸರಳಿಗೆ ನೀಲಿ ಜಾಕೆಟ್ಟು ಒಣಹಾಕಿತ್ತು. ಮೊಣಕೈಗೆ ತೇಪೆ ಬಿದ್ದಿತ್ತು. ಎಡ ಕಾಲರು ಅಗಲ, ಬಲ ಕಾಲರು ಸಣ್ಣ.

ಕೈ ಎತ್ತಿದೆ. ಚಿಕ್ಕಂದಿನಲ್ಲಿ ಬಡಿಯುತ್ತಿದ್ದ ಹಾಗೆಯೇ ಮೆಲ್ಲಗೆ ಬಡಿದೆ. ಬೇರೆ ಥರ ಬಡಿಯಲು ಆ ಕೈಗೆ ಬರಲಿಲ್ಲ.

ಒಳಗೆ ಏನೋ ಸರಿದ ಸದ್ದಾಯಿತು. ಆಮೇಲೆ ದನಿ ಬಂತು. ಸ್ವಲ್ಪ ಒಡೆದಿತ್ತು, ಅಷ್ಟೇ.

“ಅಲ್ಲೇ ಇಟ್ಟು ಹೋಗು ಮಗು.”

“ಹೋಗಲ್ಲ” ಎಂದೆ. “ಬಾಗಿಲು ತೆಗಿಯಮ್ಮಾ.”